ಡಿಲೀಟ್ ಆಗದ ಫೈಲು: ಹಿಡಿದುಕೊಂಡವರು ಯಾರು ಅಂತ ಮೊದಲು ನೋಡಿ

ಹೋದ ಮಳೆಗಾಲದಲ್ಲಿ ಸಿದ್ದಾಪುರ ಕಡೆಯ ಹಿರಿಯರೊಬ್ಬರು ನಮ್ಮ ಶಿರಸಿ ಅಂಗಡಿಗೆ ಲ್ಯಾಪ್‌ಟಾಪ್ ತಂದಿದ್ದರು. ಎರಡು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಅದನ್ನು ಮತ್ತೆ ಬಟ್ಟೆ ಚೀಲಕ್ಕೆ ಹಾಕಿ, ಕೊಡೆಯೊಳಗೆ ತಬ್ಬಿಕೊಂಡು ಬಂದಿದ್ದರು. ಬಿಚ್ಚಿ ಮೇಜಿನ ಮೇಲಿಟ್ಟವರೇ, "ತಮಾ, ಇದ್ರಲ್ಲಿ ಒಂದು ಆಟದ ವಿಡಿಯೋ ಇದ್ದು. ಎಷ್ಟು ಅಳ್ಸಿದ್ರೂ ಹೋಗ್ತಿಲ್ಲೆ ಮಾರಾಯ" ಅಂದರು. ಆಟ ಅಂದರೆ ಯಕ್ಷಗಾನ, ಕಂಪ್ಯೂಟರ್ ಗೇಮ್ ಅಲ್ಲ. ಬೆಳಗಿನವರೆಗೆ ನಡೆದ ಆಟವನ್ನು ಹಳೇ ಟೇಪುಗಳಿಂದ ಕಂಪ್ಯೂಟರಿಗೆ ಇಳಿಸುತ್ತಾ ಇದ್ದಾಗ ಕರೆಂಟು ಹೋಗಿದೆ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು, ಹಾಗಾಗಿ ಕರೆಂಟಿನ ಜೊತೆ ಅದೂ ಆಫ್. ಉಳಿದದ್ದು 60 ಜಿಬಿ ಚಿಲ್ಲರೆಯ ಒಂದು ಮುರುಕು ಎವಿಐ ಫೈಲು. ಪ್ಲೇ ಆಗುವುದಿಲ್ಲ, ಅಳಿಸಲಿಕ್ಕೂ ಆಗುವುದಿಲ್ಲ, ಡಿ ಡ್ರೈವ್ ಪೂರ್ತಿ ಕೆಂಪು.

ಇವರು ಐದಾರು ಸಲ ರೀಸ್ಟಾರ್ಟ್ ಮಾಡಿದ್ದಾರೆ. ಸಾಲದ್ದಕ್ಕೆ ಅಳಿಯ ಎಲ್ಲಿಂದಲೋ "ಎಂಥ ಫೈಲನ್ನೂ ಅಳಿಸುವ" ಒಂದು ಸಾಫ್ಟ್‌ವೇರ್ ಇಳಿಸಿ ಹಾಕಿದ್ದಾನೆ. ಅದರ ಜೊತೆಗೆ ಕರೆಯದೆ ಬಂದ ನೆಂಟರ ಹಾಗೆ ಬ್ರೌಸರಿಗೆ ಒಂದು ಟೂಲ್‌ಬಾರು, ಹೊಸ ಸರ್ಚ್ ಪೇಜು, ದಿನಕ್ಕೆ ಹತ್ತು ಸಲ ಹಾರಿ ಬರುವ ಜಾಹೀರಾತು. ಫೈಲು ಮಾತ್ರ ಇದ್ದಲ್ಲೇ ಇದೆ.

ಅಳಿಸಲು ಹೋದರೆ ಬರುತ್ತಿದ್ದ ಸಂದೇಶ ಇದು: ಈ ಫೈಲು "ಕಾಮ್ ಸರೊಗೇಟ್" ಅನ್ನುವುದರಲ್ಲಿ ತೆರೆದಿದೆ, ಅದನ್ನು ಮುಚ್ಚಿ ಮತ್ತೆ ಪ್ರಯತ್ನಿಸಿ. ಅವರು ಸ್ಟಾರ್ಟ್ ಮೆನು ತುಂಬ ಹುಡುಕಿದ್ದಾರೆ, ಆ ಹೆಸರಿನ ಪ್ರೋಗ್ರಾಮೇ ಇಲ್ಲ. ಅಳಿಯ ವೈರಸ್ ಅಂತ ತೀರ್ಪು ಕೊಟ್ಟಿದ್ದ.

ವೈರಸ್ ಅಲ್ಲ. ಅದು ವಿಂಡೋಸಿನ ಮನೆಯಾಳು. ಫೋಲ್ಡರಿನಲ್ಲಿ ವಿಡಿಯೋ ಫೈಲಿನ ಐಕಾನ್ ಬದಲು ಒಂದು ಚಿಕ್ಕ ಚಿತ್ರ ಕಾಣುತ್ತದೆ ಅಲ್ವಾ, ಆ ಚಿತ್ರ ತೆಗೆದುಕೊಡುವ ಕೆಲಸ ಅದರದು. ಫೈಲು ಸರಿ ಇದ್ದರೆ ತೆರೆದು, ಚಿತ್ರ ತೆಗೆದು, ಮುಚ್ಚಿ ಹೋಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಎವಿಐ ಫೈಲಿನ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಇಂಡೆಕ್ಸ್ ಇರುತ್ತದೆ, ರೆಕಾರ್ಡಿಂಗ್ ಮುಗಿಯುವಾಗ ಬರೆಯುವಂಥದ್ದು. ಇಲ್ಲಿ ಕರೆಂಟು ಹೋದದ್ದರಿಂದ ಅದು ಬರೆದೇ ಇಲ್ಲ. ಪಾಪ ಆ ಆಳು ಇಂಡೆಕ್ಸ್ ಹುಡುಕುತ್ತಾ 60 ಜಿಬಿಯ ಉದ್ದಕ್ಕೂ ಅಲೆಯುತ್ತಾ ಕೂತಿದೆ, ಫೈಲನ್ನು ಬಿಡುತ್ತಾ ಇಲ್ಲ. ರೀಸ್ಟಾರ್ಟ್ ಮಾಡಿದರೆ ಕೈ ಬಿಡುತ್ತದೆ ನಿಜ. ಆದರೆ ಅಳಿಸಬೇಕು ಅಂತ ನಾವು ಮತ್ತೆ ಅದೇ ಫೋಲ್ಡರ್ ತೆರೆಯುತ್ತೇವೆ, ತೆರೆದ ಕೂಡಲೇ ಅದು ಮತ್ತೆ ಹಿಡಿದುಕೊಳ್ಳುತ್ತದೆ. ಅಂದರೆ ಪ್ರತಿ ಸಲ ಹಿಡಿಸಿಕೊಟ್ಟವರು ನಾವೇ. ನನಗೂ ಇದು ಹೊಳೆಯಲು ಅರ್ಧ ಗಂಟೆ ಬೇಕಾಯಿತು, ಯಾಕೆಂದರೆ ನಾನು ಕೂಡ ಮೊದಲು ಮಾಡಿದ್ದು ರೀಸ್ಟಾರ್ಟ್ ಮಾಡಿ, ಅದೇ ಫೋಲ್ಡರ್ ತೆರೆದು, ಅದೇ ಫೈಲಿನ ಮೇಲೆ ಒತ್ತಿದ್ದು.

ನಮ್ಮ ಕಡೆ ತೋಟಕ್ಕೆ ಹೋದಾಗ ಕಾಲಿಗೆ ಉಂಬಳ ಹತ್ತಿದರೆ ಯಾರೂ ಎಳೆಯುವುದಿಲ್ಲ, ಸುಣ್ಣ ಮುಟ್ಟಿಸುತ್ತಾರೆ, ತಾನೇ ಬಿಡುತ್ತದೆ. ಫೈಲಿಗೂ ಅಷ್ಟೇ. ಎಳೆದಾಡುವ ಮೊದಲು ಎಲ್ಲಿ ಕಚ್ಚಿಕೊಂಡಿದೆ ಅಂತ ನೋಡಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗೆ ಬರುವ ಕಮ್ಯಾಂಡುಗಳನ್ನು ಉಚ್ಚಾರ ಮಾಡುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು. ಇಲ್ಲಿ ಹೇಳಿದ್ದೆಲ್ಲ ವಿಂಡೋಸ್ 10 ಮತ್ತು 11ಕ್ಕೆ.

ಸಂದೇಶವನ್ನು ಪೂರ್ತಿ ಓದಿ

ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಹೇಳುವುದು "ಎಂತದೋ ಎರರ್ ಬರ್ತದೆ" ಅಂತ. ಆ ಎಂತದೋ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ, ಮಾರಾಯ್ರೆ. ಫೈಲು ಬೇರೆ ಪ್ರೋಗ್ರಾಮಿನಲ್ಲಿ ತೆರೆದಿದೆ ಅಂದರೆ ಯಾರೋ ಹಿಡಿದಿದ್ದಾರೆ. ಪರ್ಮಿಷನ್ ಬೇಕು ಅಂದರೆ ಫೈಲಿನ ಮಾಲೀಕರು ನೀವಲ್ಲ. ಕಣ್ಣೆದುರೇ ಇರುವ ಫೈಲನ್ನು ಇಲ್ಲ ಅಂದರೆ, ಅಥವಾ ಹೆಸರು ಉದ್ದವಾಯಿತು ಅಂದರೆ, ತಕರಾರು ಹೆಸರಿನದು. ಕರಪ್ಟ್ ಆಗಿದೆ, ಓದಲಿಕ್ಕೆ ಆಗುವುದಿಲ್ಲ ಅಂದರೆ ಡಿಸ್ಕಿನದು. ರೈಟ್ ಪ್ರೊಟೆಕ್ಟೆಡ್ ಅಂದರೆ ಪೆನ್‌ಡ್ರೈವಿನದೋ ಕಾರ್ಡಿನದೋ ಕತೆ. ಐದಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹಾಕಿ ಮಂಡೆಬಿಸಿ ಮಾಡಿಕೊಳ್ಳುವವರೇ ಜಾಸ್ತಿ. ಹಾಗಾಗಿ ಮೊಬೈಲಿನಲ್ಲಿ ಆ ಸಂದೇಶದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಹಿಡಿದವರನ್ನು ಹುಡುಕುವುದು

ವಿಂಡೋಸಿನಲ್ಲಿ ಒಂದು ಪ್ರೋಗ್ರಾಮು ಫೈಲನ್ನು ತೆರೆಯುವಾಗಲೇ, ನಾನು ಕೆಲಸ ಮುಗಿಸುವವರೆಗೆ ಬೇರೆಯವರು ಇದನ್ನು ಅಳಿಸಬಹುದೋ ಬಾರದೋ ಅಂತ ಹೇಳಿಕೊಂಡೇ ತೆರೆಯುತ್ತದೆ. ಹೆಚ್ಚಿನವು ಬಾರದು ಅನ್ನುತ್ತವೆ. ಲಿನಕ್ಸಿನಲ್ಲಿ ಹಾಗಿಲ್ಲ, ಯಾರೋ ಓದುತ್ತಿದ್ದರೂ ಹೆಸರು ಅಳಿಸಿ ಹೋಗುತ್ತದೆ, ಓದುತ್ತಿದ್ದವರು ಮುಚ್ಚಿದ ಮೇಲೆ ಜಾಗ ಖಾಲಿ ಆಗುತ್ತದೆ. ಎರಡರಲ್ಲಿ ಯಾವುದು ಒಳ್ಳೆಯದು ಅಂತ ಜಗಳ ಮಾಡುವುದು ಬೇಡ, ನಮ್ಮ ಗಿರಾಕಿಗಳ ಹತ್ತಿರ ಇರುವುದು ವಿಂಡೋಸೇ.

ಹೊಸದೇನೂ ಇಳಿಸಿಕೊಳ್ಳದೆ ನೋಡುವ ದಾರಿ ರಿಸೋರ್ಸ್ ಮಾನಿಟರ್. ವಿಂಡೋಸ್ ಕೀ ಜೊತೆ ಆರ್ ಒತ್ತಿ, ರೆಸ್‌ಮಾನ್ (ಆರ್ ಇ ಎಸ್ ಎಂ ಓ ಎನ್) ಅಂತ ಟೈಪ್ ಮಾಡಿ ಎಂಟರ್ ಕೊಡಿ. ಸಿಪಿಯು ಅನ್ನುವ ಟ್ಯಾಬಿಗೆ ಹೋಗಿ. ಅಲ್ಲಿ ಅಸೋಸಿಯೇಟೆಡ್ ಹ್ಯಾಂಡಲ್ಸ್ ಅಂತ ಒಂದು ಪಟ್ಟಿ ಮಡಚಿಕೊಂಡಿರುತ್ತದೆ, ಅದನ್ನು ಬಿಚ್ಚಿ. ಪಕ್ಕದ ಹುಡುಕುವ ಜಾಗದಲ್ಲಿ ಫೈಲಿನ ಹೆಸರಿನ ಒಂದು ತುಂಡು ಹಾಕಿ, ಪೂರ್ತಿ ಬೇಡ. ಒಂದೆರಡು ಕ್ಷಣ ಕಾದರೆ ಹಿಡಿದುಕೊಂಡ ಪ್ರೋಗ್ರಾಮಿನ ಹೆಸರು ಬರುತ್ತದೆ. ವರ್ಡ್ ಇದ್ದರೆ ವರ್ಡ್ ಮುಚ್ಚಿ, ಪ್ಲೇಯರ್ ಇದ್ದರೆ ಪ್ಲೇಯರ್ ಮುಚ್ಚಿ. ಮುಚ್ಚಿದ ಹಾಗೆ ಕಂಡರೂ ಒಳಗೆ ಓಡುತ್ತಾ ಇರುವಂಥವು ಇರುತ್ತವೆ, ಅವುಗಳ ಮೇಲೆ ಬಲ ಕ್ಲಿಕ್ ಮಾಡಿ ಎಂಡ್ ಪ್ರೋಸೆಸ್ ಕೊಡಿ. ಆದರೆ ಮೊದಲು ಉಳಿದ ಕೆಲಸ ಸೇವ್ ಮಾಡಿಕೊಳ್ಳಿ. ನಾನು ಒಮ್ಮೆ ಗಡಿಬಿಡಿಯಲ್ಲಿ ವರ್ಡ್ ಕೊಂದು, ಇನ್ನೊಬ್ಬರ ಉಪನಯನದ ಕರೆಯೋಲೆ ಎರಡು ಸಲ ಟೈಪ್ ಮಾಡಿದ್ದೇನೆ.

ಇದೇ ಕೆಲಸ ಇನ್ನೂ ಸುಲಭ ಆಗಬೇಕು ಅಂದರೆ ಮೈಕ್ರೋಸಾಫ್ಟಿನದೇ ಪವರ್‌ಟಾಯ್ಸ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ 2022ರಲ್ಲಿ ಫೈಲ್ ಲಾಕ್‌ಸ್ಮಿತ್ ಅಂತ ಒಂದನ್ನು ಸೇರಿಸಿದರು. ಫೈಲಿನ ಮೇಲೆ ಬಲ ಕ್ಲಿಕ್ ಮಾಡಿದರೆ ಆಯಿತು, ಯಾರ ಕೈಯಲ್ಲಿದೆ ಅಂತ ತೋರಿಸುತ್ತದೆ. ಇನ್ನೊಂದು ಪ್ರೋಸೆಸ್ ಎಕ್ಸ್‌ಪ್ಲೋರರ್. ಮಾರ್ಕ್ ರುಸಿನೊವಿಚ್ ಬರೆದದ್ದು, 2006ರಲ್ಲಿ ಅವರ ಕಂಪನಿಯನ್ನೇ ಮೈಕ್ರೋಸಾಫ್ಟ್ ಕೊಂಡಿತು, ಆಮೇಲೆ ಅದೂ ಮೈಕ್ರೋಸಾಫ್ಟಿನ ಸೈಟಿನಲ್ಲೇ ಸಿಗುತ್ತದೆ. ಅದರ ಫೈಂಡ್ ಮೆನುವಿಗೆ ಹೋಗಿ ಹೆಸರು ಕೊಟ್ಟರೆ ಹುಡುಕಿ ಕೊಡುತ್ತದೆ. ಇವೆರಡು ಇರುವಾಗ ಗುರುತು ಪರಿಚಯ ಇಲ್ಲದ ಕಡೆಯ ಅಳಿಸುವ ಸಾಫ್ಟ್‌ವೇರ್ ಯಾಕೆ ಬೇಕು?

ಹುಡುಕಿದಾಗ ಬಂದ ಹೆಸರು ಎಕ್ಸ್‌ಪ್ಲೋರರ್ ಅಂತಲೋ, ಡಿಎಲ್‌ಎಲ್ ಹೋಸ್ಟ್ ಅಂತಲೋ ಇದ್ದರೆ ಅದು ಆಟದ ವಿಡಿಯೋದ್ದೇ ಕತೆ. ಡಿಎಲ್‌ಎಲ್ ಹೋಸ್ಟ್ ಅಂದರೆ ಮೇಲೆ ಹೇಳಿದ ಕಾಮ್ ಸರೊಗೇಟೇ. ಮೊದಲು ಫೋಲ್ಡರಿನ ಬಲಗಡೆ ಪ್ರಿವ್ಯೂ ಕಾಣುತ್ತಾ ಇದ್ದರೆ ಆಲ್ಟ್ ಪಿ ಒತ್ತಿ ಅದನ್ನು ಮುಚ್ಚಿ. ದೊಡ್ಡ ಚಿತ್ರಗಳ ಬದಲು ಲಿಸ್ಟ್ ಅಂತ ಮಾಡಿ. ಬಹಳ ಸಲ ಇಷ್ಟಕ್ಕೇ ಬಿಡುತ್ತದೆ.

ಬಿಡದಿದ್ದರೆ ನಾನು ಆ ದಿನ ಮಾಡಿದ್ದು ಹೀಗೆ. ಶಿಫ್ಟ್ ಹಿಡಿದು ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಕಾಪಿ ಆಸ್ ಪಾತ್ ಕೊಟ್ಟೆ. ಇದರಿಂದ ಫೈಲಿನ ಪೂರ್ತಿ ವಿಳಾಸ ಉದ್ಧರಣ ಚಿಹ್ನೆಯ ಸಮೇತ ಕಾಪಿ ಆಗುತ್ತದೆ. ಹೆಸರು ಕನ್ನಡದಲ್ಲಿದ್ದಾಗ ಇದು ತುಂಬಾ ಉಪಕಾರ, ಯಾಕೆಂದರೆ ಕಮ್ಯಾಂಡ್ ಪ್ರಾಂಪ್ಟಿನ, ಅಂದರೆ ಕಮ್ಯಾಂಡ್ ಟೈಪ್ ಮಾಡುವ ಕಪ್ಪು ಪರದೆಯಲ್ಲಿ ಕನ್ನಡ ಎಷ್ಟೋ ಸಲ ಬರೀ ಚೌಕ ಚೌಕವಾಗಿ ಕಾಣುತ್ತದೆ. ಕಂಡರೆ ಕಾಣಲಿ, ಪೇಸ್ಟ್ ಮಾಡಿದ ಹೆಸರು ಒಳಗೆ ಸರಿಯಾಗಿಯೇ ಇರುತ್ತದೆ. ಆಮೇಲೆ ಆ ಫೋಲ್ಡರಿನ ಕಿಟಕಿ ಮುಚ್ಚಿದೆ. ಕಮ್ಯಾಂಡ್ ಪ್ರಾಂಪ್ಟ್ ತೆರೆದು ಡೆಲ್ (ಡಿ ಇ ಎಲ್) ಅಂತ ಬರೆದು, ಒಂದು ಸ್ಪೇಸ್ ಬಿಟ್ಟು, ವಿಳಾಸ ಪೇಸ್ಟ್ ಮಾಡಿದೆ, ಎಂಟರ್ ಮಾತ್ರ ಒತ್ತಲಿಲ್ಲ. ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಕಾಮ್ ಸರೊಗೇಟ್ ಎಲ್ಲಿದೆ ಹುಡುಕಿ ಎಂಡ್ ಟಾಸ್ಕ್ ಕೊಟ್ಟೆ. ತಕ್ಷಣ ಈ ಕಡೆ ಬಂದು ಎಂಟರ್. ಒಂದು ಸದ್ದಿಲ್ಲ, ಸಂದೇಶ ಇಲ್ಲ, ಕರ್ಸರು ಮುಂದಿನ ಸಾಲಿಗೆ ಬಂತು. ಡಿ ಡ್ರೈವಿನ ಕೆಂಪು ನೀಲಿ ಆಯಿತು. ಹಿರಿಯರು ಕನ್ನಡಕ ಏರಿಸಿ ನೋಡಿ "ಇಷ್ಟೇಯನ?" ಅಂದರು.

ಒಂದು ವೇಳೆ ಹಿಡಿದದ್ದು ಎಕ್ಸ್‌ಪ್ಲೋರರ್ ಆಗಿದ್ದರೆ ಅದನ್ನೂ ಹೀಗೇ ಎಂಡ್ ಮಾಡಬಹುದು. ಕೆಳಗಿನ ಟಾಸ್ಕ್‌ಬಾರು, ಐಕಾನು ಎಲ್ಲ ಮಾಯ ಆಗುತ್ತದೆ, ಹೆದರಬೇಡಿ. ಕಪ್ಪು ಕಿಟಕಿ ತೆರೆದೇ ಇರುತ್ತದೆ, ಅದರಲ್ಲಿ ಅಳಿಸಿ. ಆಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ ರನ್ ನ್ಯೂ ಟಾಸ್ಕ್ ಕೊಟ್ಟು ಎಕ್ಸ್‌ಪ್ಲೋರರ್ ಅಂತ ಬರೆದರೆ ಎಲ್ಲ ವಾಪಸ್ ಬರುತ್ತದೆ. ನೆನಪಿಡಿ, ಡೆಲ್ ಕೊಟ್ಟು ಅಳಿಸಿದ್ದು ರಿಸೈಕಲ್ ಬಿನ್ನಿಗೆ ಹೋಗುವುದಿಲ್ಲ. ಹೋದದ್ದು ಹೋಯಿತು.

ಇನ್ನು ಆಫ್ ಮಾಡಿ ಆನ್ ಮಾಡುವ ವಿಷಯ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಬಂದಿದೆ. ಅದು ಇರುವಾಗ ಶಟ್ ಡೌನ್ ಕೊಟ್ಟರೆ ವಿಂಡೋಸಿನ ಒಳ ತಿರುಳು ಪೂರ್ತಿ ಮುಚ್ಚುವುದಿಲ್ಲ, ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅಲ್ಲಿಂದಲೇ ಏಳುತ್ತದೆ. ಡ್ರೈವರೋ ಆ್ಯಂಟಿವೈರಸ್ಸೋ ಒಳಗಿಂದ ಹಿಡಿದ ಫೈಲು ಹಾಗೇ ಇರಬಹುದು. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಶುರು. ರಾತ್ರಿ ಆಫ್ ಮಾಡಿ ಬೆಳಿಗ್ಗೆ ಹಾಕಿದರೂ ಹಾಗೇ ಇದೆ ಅನ್ನುವವರು ಒಮ್ಮೆ ರೀಸ್ಟಾರ್ಟ್ ಕೊಟ್ಟು ನೋಡಿ. ಅದಕ್ಕೂ ಜಗ್ಗದಿದ್ದರೆ ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕಮ್ಯಾಂಡ್ ಪ್ರಾಂಪ್ಟ್ ಅಂತ ಹೋದರೆ ವಿಂಡೋಸ್ ಏಳುವ ಮೊದಲೇ ಅಳಿಸಬಹುದು. ಅಲ್ಲಿ ಡ್ರೈವಿನ ಅಕ್ಷರ ಬದಲಾಗಿರಬಹುದು, ಡಿ ಇದ್ದದ್ದು ಇ ಆಗಿರುತ್ತದೆ, ಡಿರ್ ಕೊಟ್ಟು ಒಳಗೆ ಏನಿದೆ ನೋಡದೆ ಡೆಲ್ ಕೊಡಬೇಡಿ. ಬಿಟ್‌ಲಾಕರ್, ಅಂದರೆ ಡಿಸ್ಕಿಗೇ ಬೀಗ ಹಾಕುವ ವ್ಯವಸ್ಥೆ ಇದ್ದ ಕಂಪ್ಯೂಟರಾದರೆ ರಿಕವರಿ ಕೀ ಕೇಳುತ್ತದೆ, ಅದು ಕೈಯಲ್ಲಿ ಇಲ್ಲದೆ ಆ ಕಡೆ ಹೋಗುವುದೇ ಬೇಡ.

ಪಕ್ಕದ ಕಂಪ್ಯೂಟರಿನವರು ಹಿಡಿದಿದ್ದರೆ

ಹುಡುಕಿದಾಗ ಹೆಸರು ಬರೀ "ಸಿಸ್ಟಮ್" ಅಂತ, ನಂಬರು 4 ಅಂತ ಬಂದರೆ ಅದನ್ನು ಕೊಲ್ಲಲು ಹೋಗಬೇಡಿ. ಶೇರ್ ಮಾಡಿದ ಫೋಲ್ಡರಿನ ಫೈಲನ್ನು ಬೇರೆ ಕಂಪ್ಯೂಟರಿನಿಂದ ತೆರೆದರೆ ಈ ಕಡೆ ಹಾಗೆ ಕಾಣುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ನಮ್ಮಲ್ಲಿ ಮೂರು ಕಂಪ್ಯೂಟರಿನಲ್ಲೂ ಕರಪತ್ರ, ಬ್ಯಾನರು, ಅಂಗಡಿ ಬೋರ್ಡು ಅಂತ ಒಟ್ಟೊಟ್ಟಿಗೆ ಕೆಲಸ ನಡೆಯುತ್ತದೆ. ಆಗ ಈ ತಂಟೆ ದಿನಾ ಇದ್ದದ್ದೇ. ಹುಡುಗ ಚಾ ಕುಡಿಯಲು ಹೋಗಿರುತ್ತಾನೆ, ಅವನ ಪರದೆಯಲ್ಲಿ ಹಳೇ ಡಿಸೈನು ತೆರೆದಿರುತ್ತದೆ, ಇಲ್ಲಿ ನನಗೆ ಅಳಿಸಲು ಆಗುವುದಿಲ್ಲ. ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು ಶೇರ್ಡ್ ಫೋಲ್ಡರ್ಸ್ ಒಳಗೆ ಓಪನ್ ಫೈಲ್ಸ್ ನೋಡಿದರೆ ಯಾರು ತೆರೆದಿದ್ದಾರೆ ಅಂತ ಹೆಸರು ಇರುತ್ತದೆ. ಬಲ ಕ್ಲಿಕ್ ಮಾಡಿ ಇಲ್ಲಿಂದಲೇ ಮುಚ್ಚಿಸಬಹುದು. ಆದರೆ ಅವನು ಸೇವ್ ಮಾಡಿರದಿದ್ದರೆ ಅವನ ಕೆಲಸ ಹೋಗುತ್ತದೆ, ಆಮೇಲೆ ಮುಖ ಊದಿಸಿಕೊಂಡು ಕೂರುತ್ತಾನೆ. ಸುಮ್ನೆ ಕೂಗಿ ಕರೆಯುವುದೇ ಒಳ್ಳೆಯದು.

ವರ್ಡಿನದು ಇನ್ನೊಂದು ಚಿಕ್ಕ ಚೇಷ್ಟೆ ಇದೆ. ಫೈಲು ತೆರೆದಾಗ ಅದೇ ಫೋಲ್ಡರಿನಲ್ಲಿ ಕಣ್ಣಿಗೆ ಕಾಣದ ಒಂದು ಮರಿ ಫೈಲು ಮಾಡುತ್ತದೆ, ಹೆಸರಿನ ಮೊದಲೆರಡು ಅಕ್ಷರ ತೆಗೆದು ಆ ಜಾಗದಲ್ಲಿ ~$ ಹಾಕಿ. ಕನ್ನಡದ ಹೆಸರಾದರೆ ನೋಡಲು ತಮಾಷೆ: "ಮಾರಿಕಾಂಬಾ ಜಾತ್ರೆ" ಅನ್ನುವುದು "~$ರಿಕಾಂಬಾ ಜಾತ್ರೆ" ಆಗಿರುತ್ತದೆ. ಮಾ ಅಂದರೆ ನಮಗೆ ಒಂದು ಅಕ್ಷರ, ಕಂಪ್ಯೂಟರಿಗೆ ಮ ಒಂದು, ದೀರ್ಘ ಒಂದು. ಕರೆಂಟು ಹೋಗಿ ವರ್ಡ್ ಸತ್ತರೆ ಈ ಮರಿ ಅಲ್ಲೇ ಉಳಿಯುತ್ತದೆ, ಮುಂದಿನ ಸಲ ತೆರೆದರೆ ಯಾರೋ ಎಡಿಟ್ ಮಾಡುತ್ತಿದ್ದಾರೆ ಅನ್ನುತ್ತದೆ. ಕೆಲವು ಸಲ ಆ ಯಾರೋ ನೀವೇ. ವರ್ಡ್ ಎಲ್ಲೂ ಓಡುತ್ತಿಲ್ಲ ಅಂತ ನೋಡಿಕೊಂಡು, ಹಿಡನ್ ಫೈಲ್ ಕಾಣುವ ಹಾಗೆ ಮಾಡಿ, ಮರಿಯನ್ನು ಅಳಿಸಿ.

ಪ್ರಿಂಟರಿನ ಸಾಲಿನಲ್ಲಿ "ಡಿಲೀಟಿಂಗ್" ಅಂತ ತೋರಿಸುತ್ತಾ ಗಂಟೆಗಟ್ಟಲೆ ಕೂರುವುದೂ ಇದೇ ಜಾತಿಯದು. ಕಮ್ಯಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ನೆಟ್ ಸ್ಟಾಪ್ ಸ್ಪೂಲರ್ ಕೊಡಿ. ಸಿ ಡ್ರೈವಿನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಆ ಕೊನೆಯ ಫೋಲ್ಡರಿನ ಒಳಗಿದ್ದದ್ದನ್ನು ಅಳಿಸಿ, ಫೋಲ್ಡರನ್ನಲ್ಲ. ಮತ್ತೆ ನೆಟ್ ಸ್ಟಾರ್ಟ್ ಸ್ಪೂಲರ್. ಮುಗಿಯಿತು.

ಹೆಸರೇ ತೊಂದರೆ ಆದಾಗ

ಫೈಲು ಕಣ್ಣೆದುರು ಇದೆ, ಅಳಿಸಲು ಹೋದರೆ ಅಂಥ ಫೈಲೇ ಇಲ್ಲ ಅನ್ನುತ್ತದೆ. ದೆವ್ವ ಹಿಡಿದದ್ದಲ್ಲ. ಹೆಸರಿನ ಕೊನೆಗೆ ಒಂದು ಚುಕ್ಕೆಯೋ ಸ್ಪೇಸೋ ಇರುತ್ತದೆ ನೋಡಿ. ವಿಂಡೋಸ್ ಯಾವ ಹೆಸರು ಕೊಟ್ಟರೂ ಕೊನೆಯ ಚುಕ್ಕೆ, ಸ್ಪೇಸು ಕತ್ತರಿಸಿ ಆಮೇಲೆ ಹುಡುಕುತ್ತದೆ, ಕತ್ತರಿಸಿದ ಹೆಸರಿನ ಫೈಲು ಇರುವುದಿಲ್ಲ. ಹಾಗಾದರೆ ಅಂಥ ಹೆಸರು ಹುಟ್ಟಿದ್ದು ಹೇಗೆ? ಒಂದೇ ಲ್ಯಾಪ್‌ಟಾಪಿನಲ್ಲಿ ಉಬುಂಟು ಕೂಡ ಹಾಕಿಕೊಂಡವರಲ್ಲಿ ಕಂಡಿದ್ದೇನೆ. ಲಿನಕ್ಸಿಗೆ ಚುಕ್ಕೆಯ ತಕರಾರು ಇಲ್ಲ, ವಿಂಡೋಸಿನ ಡ್ರೈವಿಗೆ ಹಾಗೇ ಬರೆದುಬಿಡುತ್ತದೆ. ಕುಮಟಾದ ಒಬ್ಬ ಹುಡುಗ ಪ್ರಾಜೆಕ್ಟ್ ಫೋಲ್ಡರಿಗೆ "ಇದೇ ಕೊನೆಯದು." ಅಂತ ವಾಕ್ಯದ ಹಾಗೆ ಚುಕ್ಕೆ ಇಟ್ಟು ಹೆಸರು ಕೊಟ್ಟಿದ್ದ. ಕೊನೆಯದೇ ಆಗಿತ್ತು, ಆಮೇಲೆ ವಿಂಡೋಸಿನಲ್ಲಿ ತೆರೆಯಲೇ ಇಲ್ಲ.

ಇದಕ್ಕೆ ಮದ್ದು ವಿಳಾಸದ ಮುಂದೆ \\?\ ಅಂತ ಸೇರಿಸುವುದು. ಎರಡು ಹಿಂದೋರೆ ಗೆರೆ (ಬ್ಯಾಕ್‌ಸ್ಲ್ಯಾಶ್), ಪ್ರಶ್ನೆ ಚಿಹ್ನೆ, ಮತ್ತೊಂದು ಗೆರೆ, ಆಮೇಲೆ ಡ್ರೈವಿನ ಅಕ್ಷರದಿಂದ ಪೂರ್ತಿ ವಿಳಾಸ, ಎಲ್ಲ ಉದ್ಧರಣ ಚಿಹ್ನೆಯ ಒಳಗೆ. ಇದನ್ನು ಕಂಡರೆ ವಿಂಡೋಸ್ ಹೆಸರನ್ನು ತಿದ್ದದೆ ಇದ್ದ ಹಾಗೇ ತೆಗೆದುಕೊಳ್ಳುತ್ತದೆ. ಫೈಲಾದರೆ ಮುಂದೆ ಡೆಲ್, ಫೋಲ್ಡರಾದರೆ ಆರ್‌ಡಿ ಜೊತೆ /ಎಸ್. ಕಾನ್, ನಲ್, ಆಕ್ಸ್, ಪಿಆರ್‌ಎನ್, ಕಾಮ್1, ಎಲ್‌ಪಿಟಿ1 ಅಂತೆಲ್ಲ ಹೆಸರಿಟ್ಟ ಫೈಲು ಸಿಕ್ಕರೂ ಇದೇ ದಾರಿ. ಅವು ಡಾಸ್ ಕಾಲದಿಂದ ಉಪಕರಣಗಳಿಗೆ ಮೀಸಲಿಟ್ಟ ಹೆಸರುಗಳು.

ಇನ್ನೊಂದು ಉದ್ದದ ತೊಂದರೆ. ಡ್ರೈವಿನ ಅಕ್ಷರದಿಂದ ಹಿಡಿದು ಫೈಲಿನ ಹೆಸರಿನ ಕೊನೆಯವರೆಗೆ ವಿಳಾಸ ಒಟ್ಟು 260 ಅಕ್ಷರದ ಮಿತಿಯೊಳಗೆ ಇರಬೇಕು ಅನ್ನುವುದು ವಿಂಡೋಸಿನ ಹಳೇ ನಿಯಮ. ಅದನ್ನು ಸಡಿಲಿಸುವ ವ್ಯವಸ್ಥೆ 2016ರಲ್ಲೇ ಬಂತು, ಆದರೆ ಫೋಲ್ಡರ್ ತೋರಿಸುವ ಎಕ್ಸ್‌ಪ್ಲೋರರ್ ಇನ್ನೂ ಹಳೇ ಲೆಕ್ಕದಲ್ಲೇ ಇದೆ. ಕನ್ನಡದಲ್ಲಿ ಹೆಸರಿಡುವವರಿಗೆ ಈ ಮಿತಿ ಬೇಗ ಮುಟ್ಟುತ್ತದೆ. ಶಿರಸಿ ನಮಗೆ ಮೂರು ಅಕ್ಷರ. ಕಂಪ್ಯೂಟರಿನ ಲೆಕ್ಕದಲ್ಲಿ ಐದು, ಎರಡು ಗುಡಿಸು ಸೇರಿ. ಒತ್ತಕ್ಷರ ಬಂದರೆ ಇನ್ನೂ ಜಾಸ್ತಿ. "ಮಕ್ಕಳ ಶಾಲಾ ವಾರ್ಷಿಕೋತ್ಸವದ ಛಾಯಾಚಿತ್ರಗಳು" ಅಂತ ಫೋಲ್ಡರು, ಅದರೊಳಗೆ ಅಷ್ಟೇ ಉದ್ದದ್ದು ಇನ್ನೆರಡು, ಅದನ್ನೆಲ್ಲ ಒಂದು ಬ್ಯಾಕಪ್ ಫೋಲ್ಡರಿನ ಒಳಗೆ ತಂದಿಟ್ಟರೆ ಮುಗಿದೇ ಹೋಯಿತು. ಮದ್ದು ಸುಲಭ: ಮೇಲಿನ ಫೋಲ್ಡರಿನಿಂದ ಶುರು ಮಾಡಿ ಒಂದೊಂದಕ್ಕೂ 1, 2 ಅಂತ ಒಂದಕ್ಷರದ ಹೆಸರು ಕೊಡುತ್ತಾ ಒಳಗೆ ಹೋಗಿ, ವಿಳಾಸ ಗಿಡ್ಡ ಆಗುತ್ತದೆ, ಅಳಿಸಲು ಬರುತ್ತದೆ. ಅಥವಾ ಸೆವೆನ್‌ಜಿಪ್ ಇದ್ದರೆ ಅದರ ಫೈಲ್ ಮ್ಯಾನೇಜರಿನಿಂದ ಶಿಫ್ಟ್ ಡಿಲೀಟ್ ಕೊಡಿ. ರೋಬೋಕಾಪಿ ಅನ್ನುವ ವಿಂಡೋಸಿನದೇ ಕಾಪಿ ಕಮ್ಯಾಂಡಿನಲ್ಲಿ ಖಾಲಿ ಫೋಲ್ಡರನ್ನು ಇದರ ಮೇಲೆ ಮಿರರ್ ಮಾಡಿ ಗುಡಿಸಿ ಹಾಕುವ ಉಪಾಯವೂ ಇದೆ, ಬಹಳ ಜೋರು. ಜೋರಿದೆ ಅಂತಲೇ ನಾನು ಹೊಸಬರಿಗೆ ಹೇಳುವುದಿಲ್ಲ, ಕಮ್ಯಾಂಡಿನ ಎರಡನೇ ಜಾಗದಲ್ಲಿ ಬೇರೆ ಫೋಲ್ಡರಿನ ಹೆಸರು ಬಿದ್ದರೆ ಅದರೊಳಗಿನದೆಲ್ಲ ಒಂದೇ ಏಟಿಗೆ ಹೋಗುತ್ತದೆ.

ಕನ್ನಡದವರಿಗೇ ಆಗುವ ಒಂದು ಮೋಸ ಹೇಳಿಬಿಡುತ್ತೇನೆ. ಅಳಿಸಿದ್ದೇನೆ, ಆದರೂ ಅದೇ ಹೆಸರಿನದು ಇದೆ ಅಂತ ಒಬ್ಬರು ಕಾರವಾರದಿಂದ ಫೋನ್ ಮಾಡಿದ್ದರು. ನೋಡಿದರೆ ಅಲ್ಲಿ ಮೊದಲಿನಿಂದ ಇದ್ದದ್ದೇ ಎರಡು. ಕೆಲವು ಒತ್ತಕ್ಷರ, ಅರ್ಕಾವತ್ತು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಗುರುತು ಸೇರುತ್ತದೆ, ಕೀಬೋರ್ಡಿನಿಂದ ಕೀಬೋರ್ಡಿಗೆ ಇದು ಬೇರೆ. ನೋಡಲು ಎರಡೂ ಹೆಸರು ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಎರಡನೆಯದನ್ನೂ ಅಳಿಸಿ ಅಂದೆ, ಹೋಯಿತು.

ನಿಜವಾಗಿಯೂ ಅಳಿಸಿದ್ದೇ ಮತ್ತೆ ಹುಟ್ಟಿ ಬಂದರೆ ಅದು ಈ ಸಾಲಿನ ರೋಗವಲ್ಲ. ಮೊದಲು ಒನ್‌ಡ್ರೈವ್, ಗೂಗಲ್ ಡ್ರೈವ್ ಥರದ್ದು ಮೇಲಿಂದ ಇಳಿಸುತ್ತಾ ಇದೆಯೋ ನೋಡಿ, ಅದನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಅಳಿಸಿ. ಅದೂ ಅಲ್ಲದಿದ್ದರೆ ವಿಂಡೋಸಿನದೇ ಆ್ಯಂಟಿವೈರಸ್ ಆದ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಒಮ್ಮೆ ಓಡಿಸಿ.

ಪರ್ಮಿಷನ್ ಇಲ್ಲ ಅಂದರೆ

ಹಳೇ ಕಂಪ್ಯೂಟರ್ ಸತ್ತಿದೆ, ಅದರ ಹಾರ್ಡ್ ಡಿಸ್ಕ್ ತೆಗೆದು ಹೊಸದಕ್ಕೆ ಹಾಕಿದ್ದೀರಿ. ಹಳೇ ಫೋಲ್ಡರು ಮುಟ್ಟಲು ಬಿಡುವುದಿಲ್ಲ. ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್ ಅಂತ ಹೋದರೆ ಮಾಲೀಕರ ಜಾಗದಲ್ಲಿ ಹೆಸರಿನ ಬದಲು ಎಸ್-1-5-21 ಅಂತ ಶುರು ಆಗುವ ಉದ್ದದ ನಂಬರು ಇರುತ್ತದೆ. ಅದು ಸತ್ತ ಕಂಪ್ಯೂಟರಿನ ಯೂಸರ್, ಈಗಿನದಕ್ಕೆ ಅವರ ಗುರುತಿಲ್ಲ. ಚೇಂಜ್ ಒತ್ತಿ ನಿಮ್ಮ ಯೂಸರ್ ಹೆಸರು ಹಾಕಿ, ಒಳಗಿನವುಗಳಿಗೂ ಇದೇ ಮಾಲೀಕ ಅನ್ನುವ ಚೌಕಕ್ಕೆ ಟಿಕ್ ಹಾಕಿ, ಓಕೆ ಕೊಡಿ. ಪಹಣಿಯಲ್ಲಿ ಹೆಸರು ಬದಲಿಸಿದ ಹಾಗೆ. ಆದರೆ ಹೆಸರು ಬಂದ ಮಾತ್ರಕ್ಕೆ ಅಳಿಸುವ ಹಕ್ಕು ಬರಲಿಲ್ಲ, ಮತ್ತೆ ಸೆಕ್ಯುರಿಟಿಗೆ ಹೋಗಿ ಎಡಿಟ್ ಒತ್ತಿ ನಿಮಗೆ ಫುಲ್ ಕಂಟ್ರೋಲ್ ಕೊಟ್ಟುಕೊಳ್ಳಬೇಕು. ಈ ಎರಡನೇ ಹೆಜ್ಜೆ ಮರೆತು ವಾಪಸ್ ಬಂದವರು ಎಷ್ಟೋ ಮಂದಿ.

ಮಾಲೀಕ ಟ್ರಸ್ಟೆಡ್ ಇನ್‌ಸ್ಟಾಲರ್ ಅಂತ ಇದ್ದರೆ ನಿಲ್ಲಿ. ಅದು ವಿಂಡೋಸಿನ ಸ್ವಂತ ಫೈಲು, ಜಾಗ ಇಲ್ಲ ಅಂತ ಅದಕ್ಕೆ ಕೈ ಹಾಕಬಾರದು. ಹಳೇ ವಿಂಡೋಸ್ ಉಳಿದುಕೊಂಡಿರುವ ವಿಂಡೋಸ್ ಓಲ್ಡ್ ಫೋಲ್ಡರ್ ತೆಗೆಯಲು ಡಿಸ್ಕ್ ಕ್ಲೀನಪ್ ಇದೆ. ಹೈಬರ್‌ನೇಟ್ ಮಾಡಲು ಇಟ್ಟುಕೊಂಡ ಹೈಬರ್‌ಫಿಲ್ ಅನ್ನುವ ದೊಡ್ಡ ಫೈಲು ಬೇಡ ಅಂದರೆ ಅಡ್ಮಿನಿಸ್ಟ್ರೇಟರ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ /ಎಚ್ ಆಫ್ ಕೊಡಿ, ತಾನೇ ಹೋಗುತ್ತದೆ.

ಡಿಸ್ಕೇ ಕೆಟ್ಟಿದ್ದರೆ

ಕರೆಂಟು ಹೋದ ಮೇಲೆ ಫೈಲು ಕರಪ್ಟ್ ಆಗಿದೆ ಅನ್ನುವ ಸಂದೇಶ, 0x80070570 ಅನ್ನುವ ನಂಬರು ಬಂದರೆ ಅಳಿಸುವ ಹಟ ಬಿಡಿ. ಮೊದಲು ಬೇಕಾದದ್ದನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ಚೆಕ್ ಡಿಸ್ಕ್, ಅಂದರೆ ಸಿಎಚ್‌ಕೆಡಿಎಸ್‌ಕೆ, ಡ್ರೈವಿನ ಅಕ್ಷರ, /ಎಫ್. ಕಾಪಿ ಮೊದಲು ಅಂತ ಹೇಳಲು ಕಾರಣ ಇದೆ. ಚೆಕ್ ಡಿಸ್ಕ್ ನೋಡುವುದು ಡಿಸ್ಕಿನ ಲೆಕ್ಕಪತ್ರ ಸರಿ ಇದೆಯೋ ಅಂತ, ನಿಮ್ಮ ಫೋಟೋ ಉಳಿಯಿತೋ ಅಂತಲ್ಲ. ತಾಳೆ ಆಗದ ತುಂಡುಗಳನ್ನು ಫೌಂಡ್.000 ಅನ್ನುವ ಫೋಲ್ಡರಿಗೆ ಗುಡಿಸಿ ಹಾಕುತ್ತದೆ. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಾ ಇದ್ದರೆ ಚೆಕ್ ಡಿಸ್ಕೂ ಬೇಡ, ಅಷ್ಟು ಓದಾಟ ಅದಕ್ಕೆ ತಡೆಯಲಿಕ್ಕಿಲ್ಲ.

ಕ್ಯಾಮೆರಾ ಕಾರ್ಡು ರೈಟ್ ಪ್ರೊಟೆಕ್ಟೆಡ್ ಅಂದರೆ ಎಡ ಬದಿಯ ಚಿಕ್ಕ ಗುಬ್ಬಿ (ಸರಿಸುವ ಸ್ವಿಚ್ಚು) ಕೆಳಗೆ ಸರಿದಿದೆಯೋ ನೋಡಿ, ಮೇಲೆ ತಳ್ಳಿ. ಹೆಚ್ಚಿನ ಪೆನ್‌ಡ್ರೈವಿನಲ್ಲಿ ಗುಬ್ಬಿ ಇಲ್ಲ, ಆದರೂ ಹಾಗೆ ಅಂದರೆ ಬಹಳ ಸಲ ಅದರ ಚಿಪ್ಪು ಮುದಿಯಾಗಿದೆ ಅಂತ ಅರ್ಥ. ಒಳಗಿನ ಕಂಟ್ರೋಲರ್ ಇನ್ನು ಬರೆಯುವುದು ಬೇಡ, ಓದಿಕೊಳ್ಳಿ ಅಂತ ಬಾಗಿಲು ಹಾಕುತ್ತದೆ. ಫಾರ್ಮ್ಯಾಟ್ ಕೂಡ ಆಗುವುದಿಲ್ಲ. ಒಳಗಿದ್ದದ್ದನ್ನು ಕಾಪಿ ಮಾಡಿಕೊಂಡು ಹೊಸದು ತೆಗೆದುಕೊಳ್ಳಿ, ಅದಕ್ಕೆ ಬೇರೆ ಔಷಧ ಇಲ್ಲ.

ಆ ಹಿರಿಯರ ಡಿ ಡ್ರೈವಿಗೂ ಚೆಕ್ ಡಿಸ್ಕ್ ಓಡಿಸಿದೆ, ಏನೂ ತಕರಾರು ಸಿಗಲಿಲ್ಲ. ಅಳಿಯ ಹಾಕಿದ್ದ ಸಾಫ್ಟ್‌ವೇರು, ಟೂಲ್‌ಬಾರು ಕಿತ್ತು ಹಾಕಲು ಮಾತ್ರ ಫೈಲಿಗಿಂತ ಜಾಸ್ತಿ ಹೊತ್ತು ಹಿಡಿಯಿತು. ಅಷ್ಟು ಹೊತ್ತಿಗೆ ನನಗೆ ಒಂದು ನೆನಪಾಗಿ ಎದೆ ಧಸಕ್ ಅಂದಿತು. ಇಂಡೆಕ್ಸ್ ಇಲ್ಲದ ಎವಿಐಯನ್ನು ವಿಎಲ್‌ಸಿ ಪ್ಲೇಯರ್ ಎಷ್ಟೋ ಸಲ ಸರಿ ಮಾಡಿಕೊಂಡು ಆಡಿಸುತ್ತದೆ, ಅಳಿಸುವ ಮೊದಲು ಅದನ್ನೊಮ್ಮೆ ನೋಡಬೇಕಿತ್ತು. ಮೆಲ್ಲಗೆ ಕೇಳಿದೆ, "ಮಾವ, ಆ ಟೇಪು ಮನೇಲಿ ಇದ್ದಲ?" ಇದ್ದು ಅಂದರು, ಕಪಾಟಿನಲ್ಲಿ ಹಾಗೇ ಇಟ್ಟಿದ್ದಾರಂತೆ. ನನ್ನ ಜೀವ ಬಂತು. ಹೊಸ ಬ್ಯಾಟರಿ ಹಾಕಿಸಿಕೊಂಡು, ಅದೇ ಎರಡು ಕೊಟ್ಟೆಯಲ್ಲಿ ಸುತ್ತಿಕೊಂಡು, ಸಂಜೆ ಬಸ್ಸಿಗೆ ಹೋದರು.